ಪ್ಯಾಸೇಜಿಗೆ ಸೀಲಿಂಗ್ ಯಾವುದು, ಲೈಟ್ ಎಲ್ಲೆಲ್ಲಿ?

ಈ ಸಲ ದಾವಣಗೆರೆ, ಚಿತ್ರದುರ್ಗದ ಫ್ಲಾಟ್‌ಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯೊಳಗಿನ ಓಣಿಯ ಬಗ್ಗೆ. ಹಾಲ್‌ನಿಂದ ಕೋಣೆಗಳಿಗೆ ಹೋಗುವ ಪ್ಯಾಸೇಜ್ ಎಂದರೆ ಅದೇ ತಾನೆ, ಮನೆಯೊಳಗಿನ ಓಣಿ. ಎಲ್ಲರೂ ಮೊದಲು ಸೀಲಿಂಗ್ ಯಾವುದು ಎಂದು ಕೇಳುತ್ತಾರೆ, ಆಮೇಲೆ ಲೈಟ್ ಎಷ್ಟು ಎಂದು. ನಾವು ಉತ್ತರ ಕೊಡುವಾಗ ಈ ಕ್ರಮವನ್ನು ತಿರುಗಿಸಿದ್ದೇವೆ.

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲಾಟ್. ಪ್ಯಾಸೇಜ್ 16 ಅಡಿ ಉದ್ದ, ಮೂರೂವರೆ ಅಡಿ ಅಗಲ, ಕಿಟಕಿ ಇಲ್ಲ. ನೆಲದಿಂದ ಸ್ಲ್ಯಾಬ್‌ಗೆ 9 ಅಡಿ 4 ಇಂಚು. ಸರಿಯಾಗಿ ನಡುವೆ ಅಡ್ಡ ಬೀಮ್ ಇದೆ, ಅದರ ತಳ 8 ಅಡಿ 2 ಇಂಚಿಗೆ ಬರುತ್ತದೆ. ಸ್ಲ್ಯಾಬ್‌ನಲ್ಲಿ ಇರುವುದು ಒಂದೇ ಲೈಟ್ ಪಾಯಿಂಟ್. ಒಬ್ಬರು ಜಿಪ್ಸಮ್ ಹಾಳೆ ಹಾಕಿ ಸುತ್ತ ಕೋವ್ ಲೈಟ್ (ಅಂಚಿನ ತಟ್ಟೆಯೊಳಗೆ ಅಡಗಿಸಿದ ಲೈಟ್) ಕೊಡೋಣ ಅಂತಾರೆ, ಇನ್ನೊಬ್ಬರು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂತಾರೆ, ಮತ್ತೊಬ್ಬರು ಪುಟ್ಟಿ, ಪೇಂಟ್ ಸಾಕು ಅಂತಾರೆ. ಯಾರ ಮಾತು ಕೇಳಬೇಕು?
— ವಿದ್ಯಾನಗರ, ದಾವಣಗೆರೆ

ಉತ್ತರ: ಸ್ಲ್ಯಾಬ್‌ನಲ್ಲಿ ಮೂರು ನಾಲ್ಕು ಪಾಯಿಂಟ್ ಮೊದಲೇ ಬಿಟ್ಟಿದ್ದರೆ ಪುಟ್ಟಿ ಮತ್ತು ಪೇಂಟ್ ಸಾಕು ಎಂದವರ ಪರವಾಗಿಯೇ ನಾವು ಬರೆಯುತ್ತಿದ್ದೆವು. ನಿಮಗಿರುವುದು ಒಂದೇ ಪಾಯಿಂಟ್. ಅಲ್ಲಿಂದ ಉಳಿದ ಲೈಟ್‌ಗಳಿಗೆ ವೈರ್ ಹೋಗಲು ಸ್ಲ್ಯಾಬ್‌ನಲ್ಲಿ ಕಾಲುವೆ ಕೊರೆಯಲೇಬಾರದು. ಸ್ಲ್ಯಾಬ್‌ನ ತಳದಲ್ಲಿ ಕಬ್ಬಿಣಕ್ಕೆ ಇರುವ ಕಾಂಕ್ರೀಟ್ ಹೊದಿಕೆ ಸಾಮಾನ್ಯವಾಗಿ 15ರಿಂದ 20 ಮಿ.ಮೀ. ಮಾತ್ರ. 20 ಮಿ.ಮೀ. ಪೈಪ್ ಕೂರುವಷ್ಟು ಕೊರೆದರೆ ಕಂಬಿ ಕಾಣುತ್ತದೆ, ನಾಲ್ಕಾರು ವರ್ಷಕ್ಕೆ ತುಕ್ಕು ಹಿಡಿದು ಕಾಂಕ್ರೀಟನ್ನೇ ಸಿಡಿಸುತ್ತದೆ. ಒಂದೇ ದೀಪದಿಂದ 16 ಅಡಿ ಬೆಳಗಲು ಹೋದರೆ ನಡುವಿನ ಬೀಮ್ ಅರ್ಧ ಪ್ಯಾಸೇಜಿಗೆ ನೆರಳು ಚೆಲ್ಲುತ್ತದೆ. ಹಾಗಾಗಿ ನಿಮ್ಮ ಮನೆಗೆ ಫಾಲ್ಸ್ ಸೀಲಿಂಗ್ ಬೇಕು. ಅದು ಅಂದಕ್ಕಲ್ಲ, ವೈರಿಂಗ್‌ಗೆ ದಾರಿ ಮಾಡಿಕೊಡಲು. ಸಪಾಟಾದ ಜಿಪ್ಸಮ್ ಹಾಕಿಸಿ, ಕೋವ್ ಬೇಡ.

ಕೋವ್ ಏಕೆ ಬೇಡ ಎಂದರೆ, ನಿಮ್ಮ ಅಗಲ 42 ಇಂಚು. ಎರಡೂ ಕಡೆ ಎಂಟೆಂಟು ಇಂಚು ತಟ್ಟೆ ಇಳಿಸಿದರೆ ನಡುವೆ ಉಳಿಯುವುದು 26 ಇಂಚಿನ ಸೀಳು. ಆ ತಟ್ಟೆಯಲ್ಲಿ ಧೂಳು ಕೂರುತ್ತದೆ, ಹಲ್ಲಿ ಸಂಸಾರ ಹೂಡುತ್ತದೆ, ಪೊರಕೆ ಒಳಗೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೋವ್ ಬೆಳಕು ಸೀಲಿಂಗನ್ನು ಸವರಿಕೊಂಡು ಹೋಗುತ್ತದೆ, ಹಾಳೆಗಳ ಪ್ರತಿ ಜಾಯಿಂಟನ್ನೂ ತೋರಿಸಿಕೊಡುತ್ತದೆ. ಪಿಒಪಿಯಲ್ಲಿ ಜಾಲರಿಗೆ ಕೈಯಿಂದ ಮೆತ್ತಿ ಮಟ್ಟ ಮಾಡಬೇಕು. ಕಲೆಸಿದ್ದು ಕೆಲವೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಕೈಚಳಕ ಇರುವ ಮೇಸ್ತ್ರಿ ಸಿಕ್ಕರೆ ಚೆನ್ನ, ಸಿಗದಿದ್ದರೆ ಅಲೆ ಅಲೆ.

ಈಗ ಬೆಳಕಿನ ಲೆಕ್ಕ. 16 ಅಡಿಗೆ 3.5 ಅಡಿ ಎಂದರೆ 56 ಚದರಡಿ, ಸುಮಾರು 5.2 ಚದರ ಮೀಟರ್. ಪ್ಯಾಸೇಜಿಗೆ ನೆಲದ ಮೇಲೆ 100 ಲಕ್ಸ್ (ಚದರ ಮೀಟರಿಗೆ 100 ಲ್ಯೂಮೆನ್ ಬೆಳಕು) ಸಾಕು, ಅಂದರೆ 520 ಲ್ಯೂಮೆನ್. ಇಕ್ಕಟ್ಟಿನ ಜಾಗದಲ್ಲಿ ಗೋಡೆಗಳೇ ಅರ್ಧ ಬೆಳಕನ್ನು ನುಂಗುತ್ತವೆ, ಆದ್ದರಿಂದ 1040 ಎಂದುಕೊಳ್ಳಿ. ಧೂಳು, ದೀಪದ ವಯಸ್ಸು ಸೇರಿಸಿದರೆ 1300. ಒಳ್ಳೆಯ ಎಲ್‌ಇಡಿ ಡೌನ್‌ಲೈಟ್ ವ್ಯಾಟಿಗೆ ಸುಮಾರು 80 ಲ್ಯೂಮೆನ್ ಕೊಡುತ್ತದೆ. 5 ವ್ಯಾಟ್‌ನ ನಾಲ್ಕು ಹಾಕಿದರೆ 1600. ಗೋಡೆಗೆ ಗಾಢ ಬಣ್ಣ ಇದ್ದರೆ ಮಾತ್ರ 7 ವ್ಯಾಟ್‌ಗೆ ಹೋಗಿ. ಇಷ್ಟು ಸಣ್ಣ ಜಾಗಕ್ಕೆ 15 ವ್ಯಾಟ್‌ನ ನಾಲ್ಕು ಜೋಡಿಸಿ ಕಣ್ಣು ಕುಕ್ಕಿಸುವುದು ನಮ್ಮೂರುಗಳಲ್ಲಿ ಮಾಮೂಲಾಗಿಬಿಟ್ಟಿದೆ.

ಮೂರು ಲೈಟ್ ಸಾಲದೇ ಎಂದರೆ, 7 ವ್ಯಾಟ್‌ನವಾದರೆ ಬೆಳಕಿಗೆ ಸಾಲುತ್ತದೆ. ಆದರೆ ಮೂರನ್ನು ಸಮನಾಗಿ ಹಂಚಿದರೆ ನಡುವಿನದು ಸರಿಯಾಗಿ ಬೀಮ್ ಕೆಳಗೇ ಬೀಳುತ್ತದೆ. ಸೀಲಿಂಗ್ ತಳ 8 ಅಡಿಗೆ ಇಟ್ಟರೆ ಬೀಮ್ ಕೆಳಗೆ ಸಿಗುವುದು ಎರಡೇ ಇಂಚು, ಅದರಲ್ಲಿ ಅರ್ಧ ಇಂಚು ಹಾಳೆಗೇ ಹೋಯಿತು. ಅಲ್ಲಿ ಲೈಟು, ಅದಕ್ಕೆ ಕರೆಂಟು ಹೊಂದಿಸಿ ಕೊಡುವ ಡ್ರೈವರ್ ಡಬ್ಬಿ ಕೂರುವುದಿಲ್ಲ. ನಾಲ್ಕಾದರೆ ಒಂದು ತುದಿಯಿಂದ 2, 6, 10, 14 ಅಡಿಗೆ ಬರುತ್ತವೆ. ಬೀಮ್ ಇರುವುದು 8 ಅಡಿಯಲ್ಲಿ, ಯಾವುದಕ್ಕೂ ತಾಗುವುದಿಲ್ಲ.

ಇನ್ನು ಚೌಕಟ್ಟು. ಇಲ್ಲಿ ಒಂದು ಸೂಕ್ಷ್ಮ ಇದೆ. ಜಿಪ್ಸಮ್ ಹಾಳೆ 6 ಅಡಿಗೆ 4 ಅಡಿ, ದಪ್ಪ 12.5 ಮಿ.ಮೀ. ನಿಮಗೆ ಮೂರೇ ಹಾಳೆ ಸಾಕು. ರೂಢಿಯಂತೆ ಇಡೀ ಹಾಳೆ ಇಟ್ಟು, ಸೀಲಿಂಗ್ ಸೆಕ್ಷನ್‌ಗಳನ್ನು (ಹಾಳೆ ಬಿಗಿಯುವ ಲೋಹದ ಪಟ್ಟಿಗಳನ್ನು) 18 ಇಂಚಿಗೊಂದರಂತೆ ಅಡ್ಡ ಹಾಕಿದರೆ ಮೊದಲ ಜಾಯಿಂಟ್ 6 ಅಡಿಗೆ ಬರುತ್ತದೆ, ಅಂದರೆ ನಿಮ್ಮ ಎರಡನೇ ಲೈಟ್ ಇರುವ ಜಾಗಕ್ಕೇ. ಲೈಟಿನ ತೂತು ಕೊರೆಯುವ ದಿನ ಅಡ್ಡ ಸಿಕ್ಕ ಸೆಕ್ಷನ್ ಕತ್ತರಿಸುತ್ತಾರೆ, ಆಮೇಲೆ ಸೀಲಿಂಗ್ ಅಲ್ಲೇ ಬಿರುಕು ಬಿಡುತ್ತದೆ. ಅದರ ಬದಲು ಮೂರೂ ಹಾಳೆಗಳನ್ನು 5 ಅಡಿ 4 ಇಂಚಿಗೆ ಕತ್ತರಿಸಿ, ಸೆಕ್ಷನ್‌ಗಳನ್ನು 16 ಇಂಚಿಗೊಂದರಂತೆ ಹಾಕಿಸಿ. ಜಾಯಿಂಟ್‌ಗಳು 64 ಮತ್ತು 128 ಇಂಚಿಗೆ ಸೆಕ್ಷನ್ ಮೇಲೆಯೇ ಕೂರುತ್ತವೆ. ನಾಲ್ಕೂ ಲೈಟ್ ಎರಡೆರಡು ಸೆಕ್ಷನ್‌ಗಳ ನಟ್ಟನಡುವೆ ಬೀಳುತ್ತವೆ. ಟೇಪ್ ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ, ಗೊತ್ತಾಗುತ್ತದೆ.

ಸಾಮಾನು: 12 ಅಡಿ ಉದ್ದದ ಪೆರಿಮೀಟರ್ ಚಾನಲ್ (ಗೋಡೆಗುಂಟ ಸುತ್ತ ಬರುವುದು) 4, ಸೀಲಿಂಗ್ ಸೆಕ್ಷನ್ 4 (ಒಂದರಲ್ಲಿ ಮೂರು ತುಂಡು ಬರುತ್ತದೆ, ಬೇಕಿರುವುದು 11 ತುಂಡು), ಇಂಟರ್‌ಮೀಡಿಯೆಟ್ ಚಾನಲ್ (ಸೆಕ್ಷನ್‌ಗಳನ್ನು ಮೇಲಿನಿಂದ ಹಿಡಿಯುವುದು) 2. ಇಂಟರ್‌ಮೀಡಿಯೆಟ್ ಚಾನಲನ್ನು ನಡುಗೆರೆಯಲ್ಲಿ ಓಡಿಸಿದರೆ ಲೈಟಿನ ನೆತ್ತಿಗೆ ತಾಗುತ್ತದೆ, 3 ಇಂಚು ಪಕ್ಕಕ್ಕೆ ಸರಿಸಿ. ಬೀಮ್ ಬಂದ ಕಡೆ ಅದನ್ನು ಕತ್ತರಿಸಿ, ಬೀಮ್‌ನ ಎರಡೂ ಪಕ್ಕ ಬೇರೆ ಬೇರೆ ಹ್ಯಾಂಗರ್ ಕೊಡಬೇಕು. ಉಳಿದೆಡೆ 4 ಅಡಿಗೊಂದು ಹ್ಯಾಂಗರ್, ಲೋಹದ ಆಂಕರ್‌ನಿಂದ ಸ್ಲ್ಯಾಬ್‌ಗೆ ಬಿಗಿಯಬೇಕು. ಮರದ ಗುಟ್ಟ ಹೊಡೆದು ಮೊಳೆ ಬಡಿಯುವುದು ಬೇಡ. ಡ್ರಿಲ್ ಮಾಡುವ ಮುನ್ನ ಹಳೆಯ ಲೈಟ್ ಪಾಯಿಂಟ್‌ನಿಂದ ಸ್ವಿಚ್ ಬೋರ್ಡ್ ಕಡೆಗೆ ಪೈಪ್ ಹೋಗಿರುವ ದಾರಿ ಬಿಟ್ಟುಬಿಡಿ. ಬೀಮ್ ದಾಟುವ ವೈರ್ ಪೈಪ್ ಆ ಒಂದೂವರೆ ಇಂಚಿನಲ್ಲೇ ತೂರುತ್ತದೆ, ಬೀಮ್‌ಗೆ ತೂತು ಹಾಕಲು ಯಾರಿಗೂ ಬಿಡಬೇಡಿ.

25 ಮಿ.ಮೀ. ಸ್ಕ್ರೂ, 9 ಇಂಚಿಗೊಂದು. ತಲೆ ಹಾಳೆಯ ಮೇಲಿನ ಕಾಗದಕ್ಕಿಂತ ಕೂದಲೆಳೆಯಷ್ಟು ಒಳಗಿರಲಿ, ಕಾಗದ ಹರಿದರೆ ಆ ಸ್ಕ್ರೂ ಹಿಡಿತ ಹೋದಂತೆಯೇ. ಹಾಳೆಯ ಉದ್ದದ ಅಂಚು ತೆಳುವಾಗಿರುತ್ತದೆ, ಟೇಪ್ ಅಲ್ಲಿ ಅಡಗಿ ಕೂರುತ್ತದೆ. ನಿಮ್ಮ ಎರಡು ಜಾಯಿಂಟ್‌ಗಳು ಅಡ್ಡ ತುದಿಯವು, ಪೂರ್ತಿ ದಪ್ಪ. ಹಾಗಾಗಿ ಕಾಗದದ ಟೇಪ್ ಮೇಲೆ ಜಾಯಿಂಟಿಂಗ್ ಕಾಂಪೌಂಡ್ ಮೂರು ಸಲ, ಪ್ರತಿ ಸಲವೂ ಅಗಲಿಸುತ್ತಾ ಒಂದು ಅಡಿಯವರೆಗೆ ಎಳೆಯಬೇಕು. ಒಂದೊಂದು ಕೋಟ್ ಪೂರ್ತಿ ಒಣಗಲು ಒಂದು ದಿನ ಬಿಡಿ. "ಸಂಜೆಗೇ ಪೇಂಟ್ ಹೊಡೆದುಬಿಡ್ತೀವಿ" ಎಂದವರ ಕೆಲಸದಲ್ಲೇ ಆರು ತಿಂಗಳಿಗೆ ಗೆರೆ ಏಳುವುದು. ಬಚ್ಚಲುಮನೆ ಪಕ್ಕದಲ್ಲೇ ಇದ್ದರೆ ತೇವ ತಡೆಯುವ ಹಸಿರು ಹಾಳೆ ತನ್ನಿ. ಮೂರೇ ಹಾಳೆಗೆ ವ್ಯತ್ಯಾಸ ಹೆಚ್ಚೇನೂ ಆಗದು. ಆದರೆ ಮೇಲಿನ ಮನೆಯ ಬಚ್ಚಲು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಸಿರು ಹಾಳೆ ತೇವ ತಡೆಯುತ್ತದೆಯೇ ಹೊರತು ಸೋರಿಕೆಯನ್ನಲ್ಲ.

ಪ್ರಶ್ನೆ: ಪ್ಯಾಸೇಜ್ ಸೀಲಿಂಗ್‌ಗೆ ಎರಡು ಕೋಟ್ ಪುಟ್ಟಿ, ಮೇಲೆ ಸ್ವಲ್ಪ ಹೊಳಪಿನ ಎಮಲ್ಷನ್ ಹೊಡೆಸಿದ್ದೇವೆ. ಬೆಳಿಗ್ಗೆ ಏನೂ ಕಾಣುವುದಿಲ್ಲ. ಸಂಜೆ ತುದಿಯ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂತೆಂದರೆ ಅಲೆಗಳು, ರೋಲರ್ ಪಟ್ಟೆಗಳು ಎದ್ದು ಕಾಣುತ್ತವೆ. ಪೇಂಟರ್ ಇನ್ನೊಂದು ಕೋಟ್ ಹೊಡೆದ ಮೇಲೆ ಇನ್ನೂ ಜಾಸ್ತಿಯಾಯಿತು.
— ಕೆಳಗೋಟೆ, ಚಿತ್ರದುರ್ಗ

ಉತ್ತರ: ಚಂದ್ರವಳ್ಳಿಯ ಮಯೂರಶರ್ಮನ ಶಾಸನದಂಥ ಸವೆದ ಬಂಡೆಬರಹವನ್ನು ಓದುವವರು ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾಯುತ್ತಾರೆ, ನೇರ ಬೆಳಕಿನಲ್ಲಿ ಕಾಣದ ಗೀರು ಆಗ ನೆರಳು ಹಿಡಿದು ಅಕ್ಷರವಾಗುತ್ತದೆ. ನಿಮ್ಮ ಸೀಲಿಂಗ್ ಮೇಲೆ ದಿನಾ ಸಂಜೆ ಆಗುತ್ತಿರುವುದೂ ಅದೇ. ಅರ್ಧ ಮಿಲಿಮೀಟರ್ ಉಬ್ಬಿಗೂ ಉದ್ದನೆಯ ನೆರಳು. ಹೊಳಪಿನ ಪೇಂಟ್ ಅದನ್ನು ಕನ್ನಡಿಯಂತೆ ಎತ್ತಿ ತೋರಿಸುತ್ತದೆ. ಇನ್ನೊಂದು ಕೋಟ್ ಎಂದರೆ ಇನ್ನಷ್ಟು ಹೊಳಪು, ಅದಕ್ಕೇ ಜಾಸ್ತಿಯಾಗಿದ್ದು.

ಹೊಳಪನ್ನು ಮೊದಲು 120 ಅಥವಾ 150 ನಂಬರ್ ಉಜ್ಜುಕಾಗದದಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಪುಡಿ ಒರೆಸಿ. ರಾತ್ರಿ ಲೈಟ್ ಆರಿಸಿ, ಟಾರ್ಚ್ ಅನ್ನು ಸೀಲಿಂಗ್‌ಗೆ ಒತ್ತಿ ಹಿಡಿದು ಉದ್ದಕ್ಕೆ ಬಿಡಿ. ಕಂಡ ಪ್ರತಿ ಗುಂಡಿಯನ್ನೂ ಪೆನ್ಸಿಲ್‌ನಲ್ಲಿ ಸುತ್ತಿ. 3 ಅಡಿಯ ಅಲ್ಯೂಮಿನಿಯಂ ಪಟ್ಟಿ ಅಡ್ಡ ಹಿಡಿದರೆ ಆಳ ಗೊತ್ತಾಗುತ್ತದೆ. ಒಂದೂವರೆ ಮಿ.ಮೀ. ಒಳಗಿದ್ದರೆ ಅಕ್ರಿಲಿಕ್ ಪುಟ್ಟಿ ತೆಳುವಾಗಿ ಎರಡು ಸಲ ಎಳೆದರೆ ಸಾಕು. ಬಿಳಿ ಸಿಮೆಂಟ್ ಪುಟ್ಟಿಯನ್ನು ಪೇಂಟ್ ಮೇಲೆ ಹಚ್ಚಬೇಡಿ, ಅದು ಕಚ್ಚಿಕೊಳ್ಳುವುದಿಲ್ಲ, ಹಪ್ಪಳದಂತೆ ಏಳುತ್ತದೆ. ಅದಕ್ಕಿಂತ ಆಳದ ಗುಂಡಿ ಇದ್ದರೆ ಪುಟ್ಟಿಯಲ್ಲಿ ತುಂಬುವ ಆಸೆ ಬಿಟ್ಟು, ಪೇಂಟ್ ಕೆರೆದು ಅಷ್ಟು ಜಾಗಕ್ಕೆ ಪ್ಲಾಸ್ಟರ್ ಮಾಡಿಸಿ.

ಆಮೇಲೆ ನೀರಿನ ಪ್ರೈಮರ್ ಒಂದು ಕೋಟ್, ಪೂರ್ತಿ ಮ್ಯಾಟ್ ಎಮಲ್ಷನ್ ಎರಡು ಕೋಟ್. ಕೊನೆಯ ಕೋಟ್‌ನಲ್ಲಿ ರೋಲರ್ ಕಿಟಕಿಯ ದಿಕ್ಕಿಗೇ ಓಡಬೇಕು, ಅಡ್ಡಡ್ಡ ಅಲ್ಲ. ನಡುವೆ ಚಹಾಕ್ಕೆ ಇಳಿಯದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಏಟಿಗೆ ಮುಗಿಸಬೇಕು. ಅರ್ಧ ಒಣಗಿದ ಅಂಚಿನ ಮೇಲೆ ಮತ್ತೆ ರೋಲರ್ ಬಿದ್ದರೆ ಅಲ್ಲೊಂದು ಪಟ್ಟೆ ಖಾಯಂ. ನಿಮ್ಮೂರಿನ ಗಾಳಿಯೂ ಕಡಿಮೆಯದಲ್ಲ, ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳೇ ಸಾಕ್ಷಿ. ಪೇಂಟ್ ಹೊಡೆಯುವಾಗ ಆ ಕಿಟಕಿ ಮುಚ್ಚಿರಲಿ. ಗಾಳಿಗೆ ಅಂಚು ಬೇಗ ಒಣಗುತ್ತದೆ, ಹಸಿ ಪೇಂಟ್‌ಗೆ ಧೂಳೂ ಮೆತ್ತುತ್ತದೆ.

ಪ್ರಶ್ನೆ: ಮೇಲಿನ ಮಹಡಿ. ಪಿವಿಸಿ ಪ್ಯಾನಲ್ ಹಾಕಿಸಿದರೆ ಪೇಂಟ್ ಗೊಡವೆ ಇಲ್ಲ ಅಂತಾರೆ. ಹಾಕಿಸಬಹುದೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮಂಡಕ್ಕಿ ಭಟ್ಟಿಯ ಹೊಗೆ ತಾಗುವ ಕಡೆ ಮನೆ ಇದ್ದರೆ ಪಿವಿಸಿಗೆ ಒಂದು ಲಾಭವಿದೆ, ಒರೆಸಿದರೆ ಮಸಿ ಹೋಗುತ್ತದೆ. ಆದರೆ ಮೇಲಿನ ಮಹಡಿಯ ಸ್ಲ್ಯಾಬ್ ಏಪ್ರಿಲ್, ಮೇನಲ್ಲಿ ಹಂಚಿನಂತೆ ಕಾಯುತ್ತದೆ, ಪಿವಿಸಿ ಹಿಗ್ಗುತ್ತದೆ. 10 ಅಡಿಯ ಪ್ಯಾನಲ್ 20 ಡಿಗ್ರಿ ಹೆಚ್ಚು ಬಿಸಿಗೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಿದ್ದರೆ ಅಷ್ಟೂ ಹೊಟ್ಟೆ ಬಿಡುತ್ತದೆ. ಹಾಕಿಸುವುದೇ ಆದರೆ ಪ್ಯಾನಲ್ ಉದ್ದಕ್ಕೆ ಬೇಡ, ಅಗಲಕ್ಕೆ ಕತ್ತರಿಸಿ ಹಾಕಿಸಿ. ಮೂರೂವರೆ ಅಡಿಯ ತುಂಡು ಒಂದೂವರೆ ಮಿ.ಮೀ. ಮಾತ್ರ ಹಿಗ್ಗುತ್ತದೆ. ಎರಡೂ ತುದಿಗೆ 5 ಮಿ.ಮೀ. ಸಂದು ಬಿಟ್ಟು ಅಂಚುಪಟ್ಟಿಯಲ್ಲಿ ಮುಚ್ಚಿದರಾಯಿತು. ಗೆರೆಗಳು ಹೆಚ್ಚು ಕಾಣುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. ನಮ್ಮನ್ನು ಕೇಳಿದರೆ, ಸ್ಲ್ಯಾಬ್ ಪಾಯಿಂಟ್‌ಗಳು ಇದ್ದಲ್ಲಿ ಮೇಲಿನ ಮಹಡಿಗೆ ಯಾವ ಮುಚ್ಚಿಗೆಯೂ ಬೇಡ. ಮಳೆಗಾಲದಲ್ಲಿ ತಾರಸಿ ಜಿನುಗಿದರೆ ಬರೀ ಪೇಂಟ್ ಮೇಲೆ ಕಲೆ ಮೊದಲ ವಾರವೇ ಕಾಣುತ್ತದೆ. ಪ್ಯಾನಲ್ ಮೇಲೆ ನೀರು ನಿಂತರೆ ಗೊತ್ತಾಗುವುದು ಲೈಟ್ ಸುಟ್ಟ ಮೇಲೆ.

ಪ್ರಶ್ನೆ: ಪ್ಯಾಸೇಜಿನಲ್ಲಿ ಮೊದಲು ಒಂದು 5 ವ್ಯಾಟ್ ಲೈಟ್ ಇತ್ತು. ಈಗ ನಾಲ್ಕು ಹಾಕಿಸಿ, ಎರಡೂ ತುದಿಗೆ ಟೂ-ವೇ ಸ್ವಿಚ್ ಮಾಡಿಸಿದೆವು. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಬೀಳುತ್ತದೆ. ಲೈಟ್ ಬದಲಿಸಿದರೂ ಅದೇ ಕಥೆ. ಆರ್‌ಸಿಸಿಬಿ ತೆಗೆದುಬಿಡಿ ಎಂಬ ಸಲಹೆಯೂ ಬಂದಿದೆ.
— ನಿಟುವಳ್ಳಿ, ದಾವಣಗೆರೆ

ಉತ್ತರ: ತೆಗೆಯಬೇಡಿ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಆರ್‌ಸಿಸಿಬಿ ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪ್ ವ್ಯತ್ಯಾಸ ಬಂದರೆ ಬೀಳಲೇಬೇಕು. ಅನೇಕ ಸಲ ಅದಕ್ಕಿಂತ ಕಡಿಮೆಗೇ ಬೀಳುತ್ತದೆ. ನಿಮ್ಮಲ್ಲಿ ಹೆಚ್ಚುಕಡಿಮೆ ಆಗಿರುವುದು ಇಷ್ಟು: ಫೇಸ್ ಹಾಲ್‌ನ ಬೋರ್ಡ್‌ನಿಂದ ಬಂದಿದೆ, ನ್ಯೂಟ್ರಲ್ ಮಾತ್ರ ಹತ್ತಿರವಿತ್ತೆಂದು ಇನ್ನೊಂದು ತುದಿಯ ಕೋಣೆಯ ಬೋರ್ಡ್‌ನಿಂದಲೋ ಇನ್ವರ್ಟರ್ ಲೈನ್‌ನಿಂದಲೋ ಎಳೆದಿದ್ದಾರೆ. ಹೋದದ್ದು ಈ ಆರ್‌ಸಿಸಿಬಿಯ ದಾರಿ, ಬಂದದ್ದು ಅದನ್ನು ಬಿಟ್ಟ ಇನ್ನೊಂದು ದಾರಿ. ಒಂದು 5 ವ್ಯಾಟ್ ಲೈಟಿಗೆ 22 ಮಿಲಿಆಂಪ್ ಆಸುಪಾಸು, ಕೆಲವು ಆರ್‌ಸಿಸಿಬಿ ಸಹಿಸಿಕೊಳ್ಳುತ್ತವೆ. ನಾಲ್ಕಕ್ಕೆ 87 ಆಯಿತು. ಹಳೆಯ ತಪ್ಪೇ ಈಗ ಬಯಲಾಗಿರಲೂಬಹುದು.

ಮೇನ್ ಆಫ್ ಮಾಡಿಸಿ, ಪ್ಯಾಸೇಜ್ ಲೈಟಿನ ನ್ಯೂಟ್ರಲ್ ಯಾವ ಬೋರ್ಡ್‌ಗೆ ಹೋಗಿದೆ ಎಂದು ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಇಟ್ಟು ಹುಡುಕಿಸಿ. ಫೇಸ್ ಯಾವ ಸರ್ಕ್ಯೂಟಿನದೋ ನ್ಯೂಟ್ರಲ್ ಕೂಡ ಅದರದ್ದೇ ಆಗಬೇಕು. ಟೂ-ವೇ ಸರಿಯಾದ ಜೋಡಣೆ ಹೀಗೆ: ಫೇಸ್ ಮೊದಲ ಸ್ವಿಚ್‌ನ ನಡುವಿನ ಪಿನ್‌ಗೆ, ಎರಡೂ ಸ್ವಿಚ್‌ಗಳ ಅಕ್ಕಪಕ್ಕದ ಪಿನ್‌ಗಳ ನಡುವೆ ಎರಡು ವೈರ್, ಎರಡನೇ ಸ್ವಿಚ್‌ನ ನಡುವಿನ ಪಿನ್‌ನಿಂದ ಲೈಟಿಗೆ. ನ್ಯೂಟ್ರಲ್ ಯಾವ ಸ್ವಿಚ್ಚಿಗೂ ಹೋಗದೆ ನೇರ ಲೈಟಿಗೆ. ವೈರ್ 1.5 ಚದರ ಮಿ.ಮೀ. ತಾಮ್ರದ್ದಿರಲಿ. ನ್ಯೂಟ್ರಲ್ಲನ್ನು ಸ್ವಿಚ್‌ಗೆ ಕೊಟ್ಟಿದ್ದರೆ ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುವುದುಂಟು. ಸ್ವಿಚ್‌ನಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ದರೂ ಹಾಗಾಗುತ್ತದೆ.

ಪ್ರಶ್ನೆ: ರಾತ್ರಿ ಅತ್ತೆಯವರು ಬಚ್ಚಲಿಗೆ ಹೋಗುವಾಗ ತಾನಾಗೇ ಹತ್ತಲಿ ಎಂದು ಪ್ಯಾಸೇಜಿನ ಆ ಕೊನೆಗೆ ಸೆನ್ಸರ್ ಲೈಟ್ ಹಾಕಿದ್ದೇವೆ. ಅವರು ಅರ್ಧ ದಾರಿ ಬಂದ ಮೇಲೆ ಹತ್ತುತ್ತದೆ. ಬೇಸಿಗೆಯಲ್ಲಿ ಇನ್ನೂ ತಡ. ಹತ್ತಿದಾಗ ಕಣ್ಣಿಗೆ ಹೊಡೆಯುತ್ತದೆ ಎಂದೂ ಹೇಳುತ್ತಾರೆ.
— ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

ಉತ್ತರ: ಈ ಸೆನ್ಸರ್ ನೋಡುವುದು ಮೈಯ ಬಿಸಿಯನ್ನು, ಅದೂ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾದುಹೋದಾಗ. ನೇರ ಎದುರಿಗೆ ನಡೆದುಬರುವವರನ್ನು ಗುರುತಿಸಲು ಅದಕ್ಕೆ ಹೊತ್ತು ಬೇಕು. ಬೇಸಿಗೆಯಲ್ಲಿ ಗೋಡೆಯ ಬಿಸಿ ಮೈಬಿಸಿಯ ಹತ್ತಿರಕ್ಕೆ ಬಂದುಬಿಡುತ್ತದೆ, ವ್ಯತ್ಯಾಸ ಸಿಗದೆ ಇನ್ನಷ್ಟು ಮಂಕಾಗುತ್ತದೆ. ಸೆನ್ಸರನ್ನು ಆ ಕೊನೆಯಿಂದ ತೆಗೆದು ಅತ್ತೆಯವರ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ತನ್ನಿ. ಅವರು ಹೊಸ್ತಿಲು ದಾಟುವುದೇ ಅದರ ಮುಂದೆ ಅಡ್ಡ ಹಾದಂತಾಗುತ್ತದೆ.

ರಾತ್ರಿಗೆ ಸೀಲಿಂಗ್ ಲೈಟ್ ಬೇಕಾಗಿಯೇ ಇಲ್ಲ. ನೆಲದಿಂದ ಒಂದು ಅಡಿ ಮೇಲೆ ಗೋಡೆಯಲ್ಲಿ ಒಂದೂವರೆ ವ್ಯಾಟ್‌ನ ಎರಡು ಫುಟ್‌ಲೈಟ್, ಬಣ್ಣ 2700 ಅಥವಾ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು. ಬೆಳಕು ಕಾಲಿಗೆ ಬೀಳುತ್ತದೆ, ಕಣ್ಣಿಗಲ್ಲ. ಅವನ್ನು ಸೆನ್ಸರ್‌ಗೆ ಸೇರಿಸಿ, ಒಂದೂವರೆ ನಿಮಿಷಕ್ಕೆ ಸಮಯ ಇಡಿ. 30 ಸೆಕೆಂಡ್ ಇಟ್ಟರೆ ನಿಧಾನ ನಡೆಯುವವರಿಗೆ ನಡುದಾರಿಯಲ್ಲೇ ಕತ್ತಲಾಗುತ್ತದೆ. ಫುಟ್‌ಲೈಟನ್ನು ಇನ್ವರ್ಟರ್ ಲೈನ್‌ಗೆ ಕೊಡಿ, ಕರೆಂಟ್ ಹೋದ ರಾತ್ರಿಯೇ ಅದು ಹೆಚ್ಚು ಬೇಕಾಗುವುದು. ಮೇಲೆ ಬರೆದ ನ್ಯೂಟ್ರಲ್ ಮಾತು ಅಲ್ಲಿಗೂ ಅನ್ವಯ.

ಪ್ರಶ್ನೆ: ಲೈಟಿನ ಬಣ್ಣ 3000, 4000, 6500 ಕೆಲ್ವಿನ್ — ಯಾವುದು?
— ಶಾಮನೂರು ರಸ್ತೆ, ದಾವಣಗೆರೆ

ಉತ್ತರ: ಹಾಲ್‌ನಲ್ಲಿ ಯಾವುದಿದೆಯೋ ಅದೇ. ಎಲ್ಲವನ್ನೂ ಹೊಸದಾಗಿ ಹಾಕುತ್ತಿದ್ದರೆ 4000. ಬಿಳಿ ಸೀಲಿಂಗ್ 6500ರಲ್ಲಿ ನೀಲಿ ತಿರುಗುತ್ತದೆ, 3000ರಲ್ಲಿ ಕೆನೆಯಾಗುತ್ತದೆ. ಪೇಂಟ್ ಬಣ್ಣ ಆರಿಸುವ ಮೊದಲು ಲೈಟ್ ತಂದು, ಅದರ ಕೆಳಗೇ ಎರಡು ಅಡಿ ಜಾಗಕ್ಕೆ ಹಚ್ಚಿ ನೋಡಿ. ನಾಲ್ಕು ಲೈಟನ್ನೂ ಒಂದೇ ದಿನ, ಒಂದೇ ಬ್ಯಾಚಿನವು ತನ್ನಿ. ಜೊತೆಗೆ ಒಂದು ಹೆಚ್ಚು ತಂದಿಡಿ. ಎರಡು ವರ್ಷ ಬಿಟ್ಟು ಅದೇ ಹೆಸರಿನದು ತಂದರೂ ಬಿಳುಪು ಬೇರೆಯಾಗಬಹುದು, ತೂತಿನ ಅಳತೆಯೂ ಬೇರೆಯಾಗಬಹುದು.

ಪ್ರಶ್ನೆ: ನಾವು ಅಪಾರ್ಟ್‌ಮೆಂಟ್ ಸಂಘದವರು. ಲಿಫ್ಟ್‌ನಿಂದ ಮನೆಗಳ ಬಾಗಿಲವರೆಗಿನ ಪ್ಯಾಸೇಜಿಗೆ ಪಿವಿಸಿ ಸೀಲಿಂಗ್, ಸೆನ್ಸರ್ ಲೈಟ್ ಹಾಕಿಸಲು ಯೋಚಿಸಿದ್ದೇವೆ.
— ಎಸ್.ಎಸ್. ಬಡಾವಣೆ, ದಾವಣಗೆರೆ

ಉತ್ತರ: ಮನೆಯೊಳಗೆ ಪಿವಿಸಿ ಬಗ್ಗೆ ಅರ್ಧ ಮನಸ್ಸಿನಿಂದ ಒಪ್ಪಿದ್ದೆವು, ಇಲ್ಲಿ ಒಪ್ಪುವುದಿಲ್ಲ. ಬೆಂಕಿ ಬಿದ್ದರೆ ಎಲ್ಲರೂ ಓಡಬೇಕಾದ ದಾರಿ ಅದು. ಪಿವಿಸಿ ಸುಟ್ಟರೆ ಬರುವ ದಟ್ಟ, ಆಮ್ಲದ ಹೊಗೆಯಲ್ಲಿ ಮೆಟ್ಟಿಲೇ ಕಾಣುವುದಿಲ್ಲ. ಸ್ಲ್ಯಾಬ್‌ಗೆ ಪುಟ್ಟಿ, ಮ್ಯಾಟ್ ಪೇಂಟ್ ಮಾಡಿಸಿ. ವೈರ್ ಎಳೆಯಲು ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆಯಲ್ಲಿ ಲೋಹದ ಪೈಪ್ ಓಡಿಸಿ, ಅದಕ್ಕೂ ಅದೇ ಬಿಳಿ ಬಣ್ಣ ಹೊಡೆಸಿದರೆ ಕಣ್ಣಿಗೆ ಅಡ್ಡ ಬರದು.

ಎಲ್ಲ ಲೈಟನ್ನೂ ಸೆನ್ಸರ್‌ಗೆ ಕೊಡಬೇಡಿ. ಮೂರರಲ್ಲಿ ಒಂದು ರಾತ್ರಿಯಿಡೀ ಉರಿಯಲಿ, ಅದು ಜನರೇಟರ್ ಅಥವಾ ಬ್ಯಾಟರಿ ಲೈನ್‌ನಲ್ಲಿರಲಿ. ಉಳಿದವು ಸೆನ್ಸರ್‌ಗೆ, ಮೂರು ನಿಮಿಷಕ್ಕೆ. ಲಿಫ್ಟ್ ಬಾಗಿಲ ಎದುರೇ ಸೆನ್ಸರ್ ಇದ್ದರೆ ಇಳಿಯದೆ ಮೇಲೆ ಹೋಗುವವರಿಗೂ ಹತ್ತುತ್ತದೆ. ಬಾಗಿಲ ಪಕ್ಕದ ಗೋಡೆಗೆ, ಬಾಗಿಲ ಕಡೆ ಬೆನ್ನು ಮಾಡಿ ಕೂರಿಸಿ.